ಚೇಂಬರ್ ಪ್ಯಾಕಿಂಗ್: ಕಾರ್ಕೋ, ರಬ್ಬರೋ, ಬರೀ ಪೇಸ್ಟೋ?

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯನ್ನು, ಅಂದರೆ ಆಯಿಲ್ ಸಂಪನ್ನು, ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಅಂತಾರೆ, ಆಯಿಲ್ ಸೋರದಂತೆ ಅದರ ಸಂದು ಮುಚ್ಚುವ ಗ್ಯಾಸ್ಕೆಟ್ಟಿಗೆ ಪ್ಯಾಕಿಂಗ್ ಅಂತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ, ಚೇಂಬರ್ ಪ್ಯಾಕಿಂಗ್ ಕೇಳಿದರೆ ಕೌಂಟರಿನ ಮೇಲೆ ಬರುವುದು ಮೂರರಲ್ಲೊಂದು: ಕಂದು ಬಣ್ಣದ ಕಾರ್ಕ್, ಕಪ್ಪು ರಬ್ಬರ್, ಇಲ್ಲವೇ "ಈ ಗಾಡಿಗೆ ಪ್ಯಾಕಿಂಗ್ ಬರಲ್ಲ, ಇದನ್ನ ಹಾಕ್ಕೊಳ್ಳಿ" ಎಂದು ಕೊಡುವ ಪೇಸ್ಟಿನ ಟ್ಯೂಬು. ಮೂರೂ ಮಾಡುವುದು ಒಂದೇ ಕೆಲಸ. ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿದರೆ ಬಹುಪಾಲು ಮತ್ತೆ ಸೋರುತ್ತದೆ. ಏಕೆಂದರೆ ಯಾವುದು ಬೇಕು ಎಂಬುದನ್ನು ಎಂಜಿನ್ ಕಟ್ಟಿದವರು ಆಗಲೇ ತೀರ್ಮಾನಿಸಿ, ಚೇಂಬರಿನ ಅಂಚನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ನಮ್ಮ ಪಾಲಿಗೆ ಉಳಿದಿರುವುದು ಅದನ್ನು ಗುರುತಿಸುವುದು, ಸರಿಯಾಗಿ ಒರೆಸುವುದು, ಅತಿಯಾಗಿ ಬಿಗಿಯದಿರುವುದು.

ಸೋರುತ್ತಿರುವುದು ಅಲ್ಲಿಂದಲೇನಾ?

ಎಂಜಿನ್ನಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಚೇಂಬರ್. ಮೇಲೆ ಎಲ್ಲೇ ಸೋರಲಿ, ಆಯಿಲ್ ಇಳಿದು ಬಂದು ಅದರ ಅಂಚಿನಲ್ಲೇ ಹನಿಗಟ್ಟುತ್ತದೆ. ಓಡುವಾಗ ಗಾಳಿ ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಚೇಂಬರ್ ಒದ್ದೆಯಾಗಿದೆ ಎಂದಮಾತ್ರಕ್ಕೆ ಅದರ ಪ್ಯಾಕಿಂಗ್ ಹೋಗಿದೆ ಎಂದಲ್ಲ. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರಿನ ರಬ್ಬರ್ ರಿಂಗು, ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಮುಂದಿನ ಸೀಲು, ಇವುಗಳಲ್ಲಿ ಯಾವುದು ಸೋರಿದರೂ ಕೆಳಗಿನಿಂದ ನೋಡಿದಾಗ ಒಂದೇ ಥರ ಕಾಣುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿನಿಂದ ಹನಿ ಬೀಳುತ್ತಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲಿನ ಮೇಲೆ ಅನುಮಾನಪಡಿ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಮನೆಯಂಗಳದ ಕೆಲಸವಲ್ಲ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಚೇಂಬರ್ ಮತ್ತು ಅದರ ಮೇಲಿನ ಭಾಗವನ್ನು ಉಜ್ಜಿ, ಬಟ್ಟೆಯಿಂದ ಪೂರ್ತಿ ಒಣಗಿಸಿ, ಅಂಚಿನ ಸುತ್ತ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. 15–20 ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರಿನ ಮೇಲೆ ಆಯಿಲಿನ ಗೆರೆ ಎಲ್ಲಿಂದ ಶುರುವಾಗಿದೆಯೋ ಸೋರಿಕೆ ಅಲ್ಲಿದೆ. ಗೆರೆ ಅಂಚಿನ ಮೇಲ್ಗಡೆಯಿಂದ ಇಳಿದಿದ್ದರೆ ಚೇಂಬರನ್ನು ಮುಟ್ಟಲೇಬೇಡಿ. ಡ್ರೈನ್ ಬೋಲ್ಟಿನ ಸುತ್ತ ಮಾತ್ರ ಒದ್ದೆಯಾಗಿದ್ದರೆ ಅದರ ವಾಷರ್ ಬದಲಿಸಿದರೆ ಸಾಕು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಬ್ರೀದರ್. ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಪಿಸಿವಿ ವಾಲ್ವ್ ಅಥವಾ ಅದರ ಹೋಸ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಇದ್ದಬದ್ದ ಸೀಲುಗಳಿಂದೆಲ್ಲ ಆಯಿಲ್ ಹೊರಗೆ ತಳ್ಳಲ್ಪಡುತ್ತದೆ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಜೋರಾಗಿ ಉಸಿರು ಹೊಡೆದಂತೆ ಗಾಳಿ ಬಂದರೆ ಮೊದಲು ಬ್ರೀದರ್ ನೋಡಿ. ಅದನ್ನು ಹಾಗೇ ಬಿಟ್ಟು ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ದುಡ್ಡು ದಂಡ.

ಬರೀ ಬಿಗಿ ಮಾಡಿದರೆ ಸಾಲದೇ?

ಕೆಲವೊಮ್ಮೆ ಸಾಕು. ಕಾರ್ಕ್ ಪ್ಯಾಕಿಂಗ್ ಇರುವ ಹಳೆಯ ಎಂಜಿನ್ನುಗಳಲ್ಲಿ ಬೋಲ್ಟುಗಳು ತಾವಾಗಿಯೇ ಸಡಿಲವಾಗುತ್ತವೆ, ಏಕೆಂದರೆ ಕಾರ್ಕ್ ಬಿಸಿಗೆ ಕುಗ್ಗುತ್ತಾ ಹೋಗುತ್ತದೆ. ಅಲ್ಲಿ ಎಲ್ಲ ಬೋಲ್ಟುಗಳನ್ನೂ ಸಮನಾಗಿ ಒಂದಿಷ್ಟು ಹಿಡಿದರೆ ಜಿನುಗು ನಿಂತೀತು. ಪೇಸ್ಟ್ ಹಾಕಿದ ಚೇಂಬರಿಗೆ ಈ ಉಪಾಯ ನಡೆಯದು. ಬಿಟ್ಟುಕೊಂಡ ಪೇಸ್ಟ್ ಬೋಲ್ಟ್ ತಿರುಗಿಸಿದ್ದಕ್ಕೆ ಮತ್ತೆ ಅಂಟುವುದಿಲ್ಲ.

ಇಲ್ಲಿ ಕೈ ಮಿತಿ ಮೀರುವುದೇ ದೊಡ್ಡ ಅಪಾಯ. ಸಣ್ಣ ಕಾರುಗಳಲ್ಲಿ ಇವು ಸಾಮಾನ್ಯವಾಗಿ ಎಂ6 ಬೋಲ್ಟುಗಳು, ತಲೆ 10 ಎಂಎಂ. ಇವಕ್ಕೆ ಬೇಕಾದ ಬಿಗಿ 8ರಿಂದ 12 ನ್ಯೂಟನ್ ಮೀಟರ್. ಮಾರುತಿಯ ಹಲವು ಎಂಜಿನ್ನುಗಳಿಗೆ ಮ್ಯಾನುಯಲ್ ಹೇಳುವುದು 11. ಹಳೆಯ ಲೆಕ್ಕದಲ್ಲಿ 1.1 ಕೆಜಿ-ಮೀಟರ್. ಆ 11ನ್ನು ಕೆಜಿ-ಮೀಟರ್ ಎಂದು ಓದಿಕೊಂಡರೆ ಬೋಲ್ಟೇ ತುಂಡಾಗುತ್ತದೆ. ಅರ್ಧ ಇಂಚಿನ ದೊಡ್ಡ ಟಾರ್ಕ್ ವ್ರೆಂಚಿನ ಅಳತೆ ಶುರುವಾಗುವುದೇ ಇದಕ್ಕಿಂತ ಮೇಲಿನಿಂದ. ಕಾಲಿಂಚಿನ, 5–25 ನ್ಯೂಟನ್ ಮೀಟರಿನದ್ದು ಬೇಕು. ಅದಿಲ್ಲದಿದ್ದರೆ ಟಿ ಸ್ಪ್ಯಾನರನ್ನು ಎರಡೇ ಬೆರಳಲ್ಲಿ ತಿರುಗಿಸಿ, ಇಲ್ಲವೇ ರ‍್ಯಾಚೆಟ್ಟನ್ನು ಹಿಡಿಯ ತುದಿಯಲ್ಲಿ ಹಿಡಿಯದೆ ತಲೆಯ ಹತ್ತಿರವೇ ಹಿಡಿದು ತಿರುಗಿಸಿ. ತಗಡಿನ ಚೇಂಬರನ್ನು ಅತಿಯಾಗಿ ಬಿಗಿದರೆ ಬೋಲ್ಟಿನ ತೂತಿನ ಸುತ್ತ ತಗಡು ಒಳಕ್ಕೆ ಕುಳಿ ಬೀಳುತ್ತದೆ, ಎರಡು ಬೋಲ್ಟುಗಳ ನಡುವಿನ ಭಾಗ ಕಮಾನಿನಂತೆ ಎದ್ದು ನಿಲ್ಲುತ್ತದೆ. ಆಯಿಲ್ ಹೊರಬರುವುದು ಆ ಕಮಾನಿನಿಂದಲೇ. ಸೋರಿತೆಂದು ಇನ್ನಷ್ಟು ಬಿಗಿದರೆ ಇನ್ನಷ್ಟು ಸೋರುವ ವಿಚಿತ್ರ ಹೀಗೆ ಹುಟ್ಟುತ್ತದೆ.

ಕಾರ್ಕ್

ಅಗ್ಗ, ಎಲ್ಲ ಕಡೆ ಸಿಗುತ್ತದೆ, ಅಂಚು ಸ್ವಲ್ಪ ಸೊಟ್ಟಗಿದ್ದರೂ ಸೈರಿಸಿಕೊಳ್ಳುತ್ತದೆ. ಹಳೆಯ ಜೀಪು, ಹಳೆಯ ಡೀಸೆಲ್ ಎಂಜಿನ್ನುಗಳಿಗೆ ಇವತ್ತಿಗೂ ಇದೇ ಸರಿ. ಕೊಳ್ಳುವಾಗ ಬರೀ ಕಾರ್ಕಿಗಿಂತ ನೈಟ್ರೈಲ್ ರಬ್ಬರ್ ಬೆರೆತ ಕಾರ್ಕ್ ಕೇಳಿ. ಬಗ್ಗಿಸಿದಾಗ ಬಿಸ್ಕತ್ತಿನ ಹಾಗೆ ಬಿರುಕು ಬಿಡುವುದು ಬರೀ ಕಾರ್ಕ್; ರಬ್ಬರ್ ಬೆರೆತದ್ದು ಬಳುಕುತ್ತದೆ.

ಅಂಗಡಿಯಲ್ಲಿ ವರ್ಷಗಟ್ಟಲೆ ನೇತುಬಿದ್ದ ಕಾರ್ಕ್ ಒಣಗಿ ಕುಗ್ಗಿರುತ್ತದೆ. ಚೇಂಬರಿನ ಮೇಲಿಟ್ಟಾಗ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡದಿದ್ದರೆ ಎಳೆದು ಕೂಡಿಸಬೇಡಿ, ಹರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಹಿಗ್ಗಿ ಅಳತೆಗೆ ಬರುತ್ತದೆ. ಆಮೇಲೆ ಮೇಲ್ಮೈಯ ನೀರನ್ನು ಪೂರ್ತಿ ಒರೆಸಿ ಕೂರಿಸಿ. ಕಾರ್ಕ್ ಹಾಕಿದ ಮೇಲೆ ಎಂಜಿನ್ ನಾಲ್ಕಾರು ಸಲ ಬಿಸಿಯಾಗಿ ತಣ್ಣಗಾದಾಗ ಮತ್ತೊಮ್ಮೆ ಬೋಲ್ಟ್ ಹಿಡಿಯಲೇಬೇಕು. ಮತ್ತೆ ಗಾಡಿಯ ಕೆಳಗೆ ಮಲಗುವ ಮನಸ್ಸಿಲ್ಲದವರಿಗೆ ಕಾರ್ಕ್ ಅಲ್ಲ.

ರಬ್ಬರ್

ಅಚ್ಚಿನಲ್ಲಿ ಎರಕ ಹೊಯ್ದ ರಬ್ಬರ್ ಪ್ಯಾಕಿಂಗ್ ಸಿಗುವ ಎಂಜಿನ್ ನಿಮ್ಮದಾದರೆ ಬೇರೆ ಯೋಚನೆಯೇ ಬೇಡ, ಮನೆಯಲ್ಲಿ ಮಾಡುವವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಒಣಗಲು ಕಾಯಬೇಕಿಲ್ಲ, ಕೈ ನಡುಗಿದರೆ ಕೆಡುವುದಿಲ್ಲ, ಮುಂದೆ ಬಿಚ್ಚುವಾಗಲೂ ಉಳಿ-ಸುತ್ತಿಗೆ ಬೇಕಿಲ್ಲ. ಒಳ್ಳೆಯವುಗಳಲ್ಲಿ ಪ್ರತಿ ಬೋಲ್ಟಿನ ತೂತಿಗೂ ಪುಟ್ಟ ಉಕ್ಕಿನ ಬುಷ್ ಇರುತ್ತದೆ. ಬೋಲ್ಟ್ ಆ ಬುಷ್ಷಿಗೆ ತಾಗಿ ನಿಲ್ಲುವುದರಿಂದ ರಬ್ಬರ್ ಎಷ್ಟು ಹಿಸುಕಬೇಕೋ ಅಷ್ಟೇ ಹಿಸುಕುತ್ತದೆ. ಹಳೆಯ ಪ್ಯಾಕಿಂಗಿನಿಂದ ಬುಷ್ ಕಳಚಿ ಬ್ಲಾಕಿಗೆ, ಅಂದರೆ ಮೇಲಿನ ಎಂಜಿನ್ನಿನ ಒಡಲಿಗೆ, ಅಂಟಿಕೊಂಡಿದ್ದರೆ ಅದನ್ನು ತೆಗೆಯದೆ ಹೊಸದನ್ನು ಕೂರಿಸಬೇಡಿ.

ಚೇಂಬರಿನ ಆಯಿಲ್ ಸಾಮಾನ್ಯವಾಗಿ 90ರಿಂದ 120 ಡಿಗ್ರಿಯವರೆಗೂ ಕಾಯುತ್ತದೆ. ಮಾಮೂಲು ನೈಟ್ರೈಲ್ ರಬ್ಬರಿಗೆ ಇದು ತಾಳಿಕೆಯ ಅಂಚು. ವರ್ಷಗಳು ಕಳೆದಂತೆ ಗಟ್ಟಿಯಾಗಿ ಪ್ಲಾಸ್ಟಿಕ್ಕಿನಂತಾಗುತ್ತದೆ. ಹಾಗಾಗಿ ಒಮ್ಮೆ ಬಿಚ್ಚಿದ ರಬ್ಬರ್ ಪ್ಯಾಕಿಂಗನ್ನು, ನೋಡಲು ಚೆನ್ನಾಗೇ ಇದ್ದರೂ, ಮತ್ತೆ ಹಾಕಬೇಡಿ.

ಪೇಸ್ಟ್

ಇವತ್ತಿನ ಸಣ್ಣ ಕಾರುಗಳಲ್ಲಿ, ಅಂದರೆ ಮಾರುತಿಯ ಕೆ-ಸರಣಿಯಂಥ ಎಂಜಿನ್ನುಗಳಲ್ಲಿ, ಕಂಪನಿಯಿಂದಲೇ ಪ್ಯಾಕಿಂಗ್ ಇರುವುದಿಲ್ಲ, ಪೇಸ್ಟ್ ಮಾತ್ರ. ಇದು ಆರ್‌ಟಿವಿ ಸಿಲಿಕಾನ್: ಗಾಳಿಯಲ್ಲಿನ ತೇವ ಹೀರಿಕೊಂಡು ರಬ್ಬರ್ ಆಗುವ ಅಂಟು. ನಮ್ಮ ಕಡೆ ಎಲ್ಲ ಪೇಸ್ಟಿಗೂ 'ಅನಾಬಾಂಡ್' ಎಂದೇ ಹೆಸರಾಗಿಬಿಟ್ಟಿದೆ. ಅನಾಬಾಂಡ್ 666, ಲಾಕ್‌ಟೈಟ್ 587, ಥ್ರೀಬಾಂಡ್ 1215, ಯಾವುದಾದರೂ ಸರಿ. ಬ್ರಾಂಡಿಗಿಂತ ಟ್ಯೂಬಿನ ಮೇಲಿನ ಎರಡು ವಿಷಯ ಮುಖ್ಯ. ಒಂದು, ಅವಧಿ ಮುಗಿಯುವ ದಿನಾಂಕ. ಹಳಸಿದ ಪೇಸ್ಟ್ ಎಷ್ಟು ಹೊತ್ತಾದರೂ ಹೆಪ್ಪುಗಟ್ಟುವುದಿಲ್ಲ. ಅನುಮಾನವಿದ್ದರೆ ಕಾಗದದ ಮೇಲೆ ಬಟಾಣಿಯಷ್ಟು ಹಿಂಡಿ ಅರ್ಧ ಗಂಟೆ ಬಿಟ್ಟು ಮುಟ್ಟಿ. ಕೆನೆ ಕಟ್ಟಿರದಿದ್ದರೆ ಆ ಟ್ಯೂಬು ಬೇಡ. ಎರಡು, ಅದು ಎಂಜಿನ್ ಆಯಿಲ್ ತಾಳುವ ನ್ಯೂಟ್ರಲ್ ಬಗೆಯದ್ದಾಗಿರಬೇಕು. ಬಾತ್‌ರೂಮಿಗೆ, ಕಿಟಕಿ ಗಾಜಿಗೆ ಬಳಸುವ ಸಿಲಿಕಾನಿನಲ್ಲಿ ಬಹಳಷ್ಟು ವಿನೆಗರಿನ ಹುಳಿ ವಾಸನೆ ಬರುವಂಥವು. ಆ ಆಮ್ಲ ಲೋಹವನ್ನು ತಿನ್ನುತ್ತದೆ, ಆಯಿಲಿನಲ್ಲಿ ಆ ಸಿಲಿಕಾನ್ ಉಬ್ಬಿ ಮೆತ್ತಗಾಗುತ್ತದೆ.

ತೇವದಿಂದ ಗಟ್ಟಿಯಾಗುವ ಸಾಮಾನಾದ್ದರಿಂದ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬೇಗ ಕೆನೆಗಟ್ಟುತ್ತದೆ. ಪೇಸ್ಟ್ ಎಳೆದ ಮೇಲೆ ಚಹಾ ಕುಡಿಯಲು ಹೋಗುವಂತಿಲ್ಲ, 5 ನಿಮಿಷದೊಳಗೆ ಚೇಂಬರ್ ಮೇಲೇರಬೇಕು. ಕಲಬುರಗಿ, ಬಳ್ಳಾರಿಯ ಒಣ ಬೇಸಿಗೆಯಲ್ಲಿ ಒಳಗಿನವರೆಗೂ ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಸಾಧಾರಣ ಹವೆಯಲ್ಲಿ 24 ಗಂಟೆಗೆ 2–3 ಎಂಎಂ ಆಳದವರೆಗೆ ಹೆಪ್ಪುಗಟ್ಟುತ್ತದೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಮಾಡಿ ಸಂಜೆ ಗಾಡಿ ಬೇಕು ಎನ್ನುವವರಿಗೆ ಪೇಸ್ಟಿನ ಕೆಲಸ ಆಗಿಬರುವುದಿಲ್ಲ.

ಒಂದರ ಬದಲು ಇನ್ನೊಂದು?

ಪೇಸ್ಟಿಗೆಂದೇ ಮಾಡಿದ ಚೇಂಬರಿಗೆ ಯಾರೋ ಕತ್ತರಿಸಿ ಕೊಟ್ಟ ಕಾರ್ಕ್ ಹಾಕಿದರೆ ಚೇಂಬರ್ ಒಂದೆರಡು ಎಂಎಂ ಕೆಳಗಿಳಿಯುತ್ತದೆ. ಚೇಂಬರ್ ಅಲ್ಯೂಮಿನಿಯಮ್ಮಿನದಾಗಿದ್ದು ಗೇರ್‌ಬಾಕ್ಸಿನ ಬೋಲ್ಟೂ ಅದಕ್ಕೇ ಬರುವಂತಿದ್ದರೆ ಆ ತೂತುಗಳು ಕೂಡುವುದೇ ಇಲ್ಲ. ಇನ್ನು ಪ್ಯಾಕಿಂಗಿನ ಎಂಜಿನ್ನಿಗೆ ಬರೀ ಪೇಸ್ಟ್ ಬಳಿದರೆ? ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮುಂದೆ-ಹಿಂದೆ ಚೇಂಬರಿನ ಅಂಚು ಅರ್ಧಚಂದ್ರದಂತೆ ಬಾಗಿರುತ್ತದೆ, ಅಲ್ಲಿ ದಪ್ಪ ರಬ್ಬರ್ ಕೂರಬೇಕು. ಆ ಸಂದನ್ನು ಪೇಸ್ಟಿನಿಂದಲೇ ತುಂಬಿಸಿದರೆ ಹೊರಗೆ ಗಟ್ಟಿ, ಒಳಗೆ ಹಸಿ. ಅಂಚು ಸುತ್ತಲೂ ಚಪ್ಪಟೆಯಾಗಿದ್ದು ತಗಡು ನೇರವಾಗಿದ್ದರೆ ಮಾತ್ರ ಕಾರ್ಕಿನ ಬದಲು ಪೇಸ್ಟ್ ನಡೆದೀತು. ಮ್ಯಾನುಯಲ್ ಅದನ್ನು ಹೇಳುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಎರಡನ್ನೂ ಸೇರಿಸುವುದು. "ಗಟ್ಟಿಗಿರಲಿ" ಎಂದು ಹೊಸ ರಬ್ಬರ್ ಪ್ಯಾಕಿಂಗಿನ ಎರಡೂ ಬದಿಗೆ ಪೇಸ್ಟ್ ಮೆತ್ತುತ್ತಾರೆ. ಹಸಿ ಸಿಲಿಕಾನ್ ಸೋಪಿನಂತೆ ಜಾರುತ್ತದೆ. ಬೋಲ್ಟ್ ಬಿಗಿದಂತೆ ರಬ್ಬರ್ ತನ್ನ ಜಾಗ ಬಿಟ್ಟು ಹೊರಕ್ಕೆ ನುಣುಚಿಕೊಳ್ಳುತ್ತದೆ. ಪ್ಯಾಕಿಂಗ್ ಇದ್ದರೆ ಒಣದಾಗಿಯೇ ಕೂರಿಸಿ. ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಮೂಲೆಗಳಲ್ಲಿ, ಹಿಂದಿನ ಸೀಲಿನ ಹೌಸಿಂಗ್ ಸೇರುವಲ್ಲಿ ಕಡಲೆಕಾಳಿನಷ್ಟು ಪೇಸ್ಟ್ ಇಡಬಹುದು, ಅಷ್ಟೇ.

ಶೆಲ್ಯಾಕ್ (ಅರಗಿನ ಅಂಟು) ಬಳಿಯುವ ಹಳೆಯ ರೂಢಿ ಬೇಡ, ಮುಂದೆ ಬಿಚ್ಚುವವನ ಶಾಪ ತಟ್ಟುತ್ತದೆ. ಗಾಳಿ ಸಿಗದ ಸಂದಿನಲ್ಲಿ ಗಟ್ಟಿಯಾಗುವ ಅನೆರೋಬಿಕ್ ಅಂಟು ಗೇರ್‌ಬಾಕ್ಸಿನಂಥ, ಮೆಷಿನ್ ಮಾಡಿದ ದಪ್ಪ ಮುಖಗಳಿಗೆ. ತಗಡಿನ ಚೇಂಬರಿಗೆ ಆಗದು. ಹೊರಗಿನಿಂದ ಎಂ-ಸೀಲ್ ಮೆತ್ತುವುದು ಊರು ಸೇರುವವರೆಗಿನ ಮಾತು.

ಮನೆಯಲ್ಲೋ, ಗ್ಯಾರೇಜಿನಲ್ಲೋ?

ಗಾಡಿಯ ಕೆಳಗೆ ಮಲಗಿ ಚೇಂಬರಿನ ಎಲ್ಲ ಬೋಲ್ಟುಗಳನ್ನೂ ಎಣಿಸಿ. ಪ್ರತಿಯೊಂದಕ್ಕೂ ಸಾಕೆಟ್ ಹೋಗುತ್ತದೆಯೇ, ಬಿಚ್ಚಿದ ಮೇಲೆ ಚೇಂಬರ್ ಕೆಳಕ್ಕೆ ಇಳಿಯಲು ಜಾಗವಿದೆಯೇ ಎಂದು ನೋಡಿ. ಸಣ್ಣ ಮಾರುತಿಗಳಲ್ಲಿ ಎಕ್ಸಾಸ್ಟಿನ ಮುಂದಿನ ಪೈಪು, ಕ್ಲಚ್ ಹೌಸಿಂಗಿನ ಕೆಳಗಿನ ತಗಡು ಬಿಚ್ಚಿದರೆ ಸಾಮಾನ್ಯವಾಗಿ ದಾರಿಯಾಗುತ್ತದೆ. ಎಕ್ಸಾಸ್ಟಿನ ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅಡ್ಡಲಾಗಿ ಸಬ್‌ಫ್ರೇಮ್ ಇದ್ದು ಎಂಜಿನ್ನನ್ನೇ ಎತ್ತಬೇಕಾದ ಗಾಡಿಯಾದರೆ ಗ್ಯಾರೇಜಿಗೆ ಕೊಡಿ. ಎರಡು ಭಾಗದ ಚೇಂಬರ್ ಇದ್ದರೆ ಕೆಳಗಿನ ತಗಡಿನ ಭಾಗವನ್ನು ಮನೆಯಲ್ಲಿ ಮಾಡಬಹುದು, ಮೇಲಿನ ಅಲ್ಯೂಮಿನಿಯಂ ಭಾಗವನ್ನು ಮುಟ್ಟಬೇಡಿ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಒಂದು ಮಾತು: ಹಲವು ಟ್ರ್ಯಾಕ್ಟರುಗಳಲ್ಲಿ ಎರಕದ ಕಬ್ಬಿಣದ ಚೇಂಬರೇ ಚಾಸಿಯ ಭಾಗ, ಮುಂದಿನ ಆಕ್ಸಲಿನ ಭಾರ ಹೊರುವುದು ಅದೇ. ಅದರ ಬೋಲ್ಟ್ ಬಿಚ್ಚಲು ಹೋಗಬೇಡಿ.

ಖರ್ಚಿನಲ್ಲಿ ಪ್ಯಾಕಿಂಗಿನ ಪಾಲು ತೀರಾ ಸಣ್ಣದು. ಸಣ್ಣ ಕಾರಿಗೆ 3 ಲೀಟರ್ ಆಸುಪಾಸು ಹೊಸ ಆಯಿಲ್, ಫಿಲ್ಟರ್, ಡ್ರೈನ್ ವಾಷರ್ ಹೇಗೂ ಬೇಕು. ಇಪ್ಪತ್ತು-ಮೂವತ್ತು ರೂಪಾಯಿ ಉಳಿಸಲು ಕೆಟ್ಟ ಪ್ಯಾಕಿಂಗ್ ತಂದರೆ ಅದರ ಹಿಂದೆ ಈ ಎಲ್ಲವೂ ಎರಡನೇ ಸಲ ಬರುತ್ತವೆ. ಆಯಿಲ್ ಬದಲಿಸುವ ಹೊತ್ತಿಗೇ ಈ ಕೆಲಸ ಇಟ್ಟುಕೊಳ್ಳುವುದು ಜಾಣತನ.

ಕೆಲಸಕ್ಕೆ ಕೂತಾಗ

ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಜಾಕಿಯಿಂದ ಎತ್ತಿ ಎರಡು ಜಾಕ್ ಸ್ಟ್ಯಾಂಡಿನ ಮೇಲೆ ಇಳಿಸಿ. ಜಾಕಿಯನ್ನು ನಂಬಿ ಕೆಳಗೆ ನುಗ್ಗಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಪೇರಿಸುವುದಂತೂ ಬೇಡವೇ ಬೇಡ. ಅವು ಮುನ್ಸೂಚನೆಯಿಲ್ಲದೆ ಒಮ್ಮೆಲೇ ಪುಡಿಯಾಗುತ್ತವೆ.

ಆಯಿಲನ್ನು ಬೆಚ್ಚಗಿರುವಾಗ ಇಳಿಸಿ, ಆದರೆ ಚೇಂಬರನ್ನು ತಣ್ಣಗಾದ ಮೇಲೆ ಬಿಚ್ಚಿ. ಎಲ್ಲ ಬೋಲ್ಟ್ ತೆಗೆಯುವ ಮೊದಲು ನಾಲ್ಕು ಮೂಲೆಯಲ್ಲಿ ಒಂದೊಂದನ್ನು ಅರ್ಧ ಬಿಟ್ಟಿರಿ, ಇಲ್ಲದಿದ್ದರೆ ಅಂಟು ಬಿಟ್ಟಾಗ ಚೇಂಬರ್ ಮುಖದ ಮೇಲೆ ಬೀಳುತ್ತದೆ. ಪ್ಯಾಕಿಂಗಿನದ್ದು ರಬ್ಬರ್ ಸುತ್ತಿಗೆಯ ಎರಡು ಏಟಿಗೆ ಬಿಡುತ್ತದೆ. ಪೇಸ್ಟಿನದ್ದು ಬಿಡಲೊಲ್ಲದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬ್ಲಾಕಿನ ಮುಖದ ಮೇಲೆ ಗೀರು ಬಿದ್ದು ಅದೇ ಶಾಶ್ವತ ಸೋರುಗಂಡಿಯಾಗುತ್ತದೆ. ತೆಳುವಾದ ಅಗಲ ಅಲಗನ್ನು ಮೂಲೆಯಲ್ಲಿ ಬಡಿದು ಹೊಗಿಸಿ, ಅದನ್ನೇ ಅಂಚಿನುದ್ದಕ್ಕೂ ಪಕ್ಕಕ್ಕೆ ಬಡಿಯುತ್ತಾ ಅಂಟನ್ನು ಕೊಯ್ಯಬೇಕು.

ಚೇಂಬರ್ ಇಳಿದ ಮೇಲೆ ಒಳಗಿನ ಸ್ಟ್ರೇನರ್, ಅಂದರೆ ಪಂಪು ಆಯಿಲ್ ಹೀರುವ ಬಾಯಿಯ ಜಾಲರಿ, ನೋಡಿ. ಹಿಂದಿನವರು ಬಳಿದ ಪೇಸ್ಟಿನ ಚೂರುಗಳು ಅದರ ಜಾಲರಿಯಲ್ಲಿ ಹುಳುಗಳಂತೆ ಸಿಕ್ಕಿಕೊಂಡಿರುವುದು ಅಪರೂಪವೇನಲ್ಲ. ಅಂಚಿನಿಂದ ಒಳಗೆ ಉಕ್ಕಿದ ಪೇಸ್ಟ್ ಗಟ್ಟಿಯಾಗಿ, ಕಳಚಿ, ಆಯಿಲಿನಲ್ಲಿ ತೇಲಿ ಬಂದು ಜಾಲರಿಯನ್ನು ಮುಚ್ಚುತ್ತದೆ. ಪಂಪಿಗೆ ಆಯಿಲ್ ಸಿಗದೆ ಬೇರಿಂಗು ಸುಡುತ್ತದೆ. ಜಿನುಗು ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವುದು ಹೀಗೆ. ಚೇಂಬರಿನ ತಳ ರಸ್ತೆಯ ಉಬ್ಬಿಗೆ ಬಡಿದು ಒಳಕ್ಕೆ ತಗ್ಗಾಗಿದ್ದರೆ ಅದನ್ನೂ ಸರಿಪಡಿಸಿ ಅಥವಾ ಬೇರೆ ಚೇಂಬರ್ ತನ್ನಿ. ತಗ್ಗು ಸ್ಟ್ರೇನರಿನ ಬಾಯಿಗೇ ಒತ್ತಿಕೊಂಡರೆ ಫಲ ಅದೇ.

ಹಳೆಯ ಪ್ಯಾಕಿಂಗ್ ಕೆರೆಯಲು ಬ್ಲಾಕಿನ ಕಡೆ ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಡ್ರಿಲ್ಲಿಗೆ ಹಾಕುವ ಉಜ್ಜು ಡಿಸ್ಕ್, ಎಮರಿ ಪೇಪರ್ ಬೇಡ: ಅದರ ಪುಡಿ ಎಂಜಿನ್ನಿನೊಳಗೆ ಸೇರಿದರೆ ಬೇರಿಂಗನ್ನು ಅರೆದುಬಿಡುತ್ತದೆ. ತಗಡಿನ ಚೇಂಬರಿನ ಅಂಚನ್ನು ಗಾಜಿನ ಹಲಗೆಯ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಕವುಚಿ ಇಟ್ಟು ನೋಡಿ. ಬೋಲ್ಟಿನ ತೂತಿನ ಸುತ್ತ ಕುಳಿಬಿದ್ದಿದ್ದರೆ ಅಂಚನ್ನು ಗಟ್ಟಿ ಮರದ ತುಂಡಿನ ಮೇಲಿಟ್ಟು, ಉಬ್ಬಿದ ಕಡೆಯಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡಿ. ಈ ಹತ್ತು ನಿಮಿಷ ಯಾವ ಬ್ರಾಂಡಿನ ಪೇಸ್ಟಿಗಿಂತಲೂ ಹೆಚ್ಚು ಉಪಕಾರಿ.

ಬ್ಲಾಕಿನ ಮುಖ ಒರೆಸಿದಷ್ಟೂ ಮೇಲಿಂದ ಆಯಿಲ್ ಇಳಿಯುತ್ತಲೇ ಇರುತ್ತದೆ. ರಾತ್ರಿಯಿಡೀ ಸೋರಲು ಬಿಟ್ಟು ಬೆಳಗ್ಗೆ ಪೇಸ್ಟ್ ಕೆಲಸ ಶುರುಮಾಡಿ. ಕೊನೆಯ ಒರೆಸು ಬ್ರೇಕ್ ಕ್ಲೀನರ್ ಅಥವಾ ಥಿನ್ನರಿನಿಂದ, ನೂಲು ಬಿಡದ ಬಟ್ಟೆಯಲ್ಲಿ. ಬೆರಳು ಎಳೆದರೆ ಕಿರ್ರೆನ್ನಬೇಕು. ಆಮೇಲೆ ಮುಟ್ಟಬೇಡಿ.

ಟ್ಯೂಬಿನ ಮೂತಿಯನ್ನು 3 ಎಂಎಂ ಎಳೆ ಬರುವಂತೆ ಓರೆಯಾಗಿ ಕತ್ತರಿಸಿ. ಚೇಂಬರಿನ ಅಂಚಿನ ಮೇಲೆ, ಬೋಲ್ಟಿನ ತೂತುಗಳ ಒಳಬದಿಯಿಂದ ಸಾಗುವಂತೆ, ಎಲ್ಲೂ ಕಡಿಯದೆ ಒಂದೇ ಎಳೆ ಎಳೆಯಿರಿ; ಚಕ್ಕುಲಿ ಒತ್ತುವಾಗಿನ ಹದ. ಶುರುವಾದಲ್ಲಿಗೇ ತಂದು ಕೂಡಿಸಿ. ಬೆರಳಿನಿಂದ ಸವರಬೇಡಿ. ಚೇಂಬರನ್ನು ನೇರ ಮೇಲಕ್ಕೆ ಒಯ್ದು ಕೂರಿಸಿ, ಆಚೀಚೆ ಜಾರಿಸಿದರೆ ಎಳೆ ಅಳಿಸಿಹೋಗುತ್ತದೆ. ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ 11 ನ್ಯೂಟನ್ ಮೀಟರಿಗೆ ತನ್ನಿ. ಕೆಲವು ಟ್ಯೂಬಿನ ಮೇಲೆ ಬೆರಳ ಬಿಗಿಯಲ್ಲಿ ಒಂದು ಗಂಟೆ ಬಿಟ್ಟು ಆಮೇಲೆ ಪೂರ್ತಿ ಬಿಗಿಯಿರಿ ಎಂದಿರುತ್ತದೆ. ಪ್ಯಾಕಿಂಗಿನ ಜಾಗಕ್ಕೆ ಪೇಸ್ಟ್ ಹಾಕುತ್ತಿರುವವರಿಗೆ ಆ ಕ್ರಮ. ಪೇಸ್ಟಿನ ಎಂಜಿನ್ನಿಗೆ ಮ್ಯಾನುಯಲ್ ಹೇಳಿದ ಹಾಗೆ ಒಮ್ಮೆಗೇ ಬಿಗಿಯುವುದೇ ಸರಿ. ಹೊರಗೆ ಉಕ್ಕಿದ್ದು ಎಳೆಯ ತೆಳು ಗೆರೆಯಷ್ಟಿರಬೇಕು. ಹೊರಗೆ ಎಷ್ಟು ಉಕ್ಕಿದೆಯೋ ಒಳಗೂ ಅಷ್ಟೇ ಉಕ್ಕಿದೆ ಎಂದು ತಿಳಿಯಿರಿ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್; ಮಾರುತಿಗಳಲ್ಲಿ ಅದರ ಬಿಗಿ 35 ನ್ಯೂಟನ್ ಮೀಟರ್. ಕಾರ್ಕ್, ರಬ್ಬರ್ ಆದರೆ ಆಯಿಲನ್ನು ಕೂಡಲೇ ಹಾಕಬಹುದು. ಪೇಸ್ಟ್ ಆದರೆ ಮರುದಿನ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರಬೇಕು, ಆರದಿದ್ದರೆ ತಕ್ಷಣ ಆಫ್ ಮಾಡಿ.

ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ. ಡಬ್ಬದಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಟ್ಟರೆ ವೇಸ್ಟ್ ಆಯಿಲ್ ಒಯ್ಯುವವರಿಗೆ ಸೇರುತ್ತದೆ. ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ, ಆದರೆ ಅದು ಮಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ.

ರಾತ್ರಿ ಗಾಡಿಯ ಕೆಳಗೆ ರಟ್ಟಿನ ಹಾಳೆಯೊಂದನ್ನು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಡಿ. ಬೆಳಗ್ಗೆ ಹನಿ ಬಿದ್ದಿದ್ದರೆ ಅದು ಎಂಜಿನ್ನಿನ ಯಾವ ಭಾಗದ ಕೆಳಗೆ ಎಂದು ರಟ್ಟೇ ಹೇಳುತ್ತದೆ. ಮೊದಲ ದಿನದ ಒಂದೆರಡು ಹನಿ ಸಂದಿನಲ್ಲಿ ಉಳಿದ ಹಳೆಯ ಆಯಿಲ್ ಇರಬಹುದು. ಮೂರನೇ ದಿನವೂ ಅದೇ ಜಾಗದಲ್ಲಿ ಬಿದ್ದರೆ ಮತ್ತೆ ಟಾಲ್ಕಂ ಪೌಡರ್ ಡಬ್ಬಿ ತೆಗೆಯಿರಿ.